ಉಗುರಿಗೆ ಸಿಗದ ಹೆಸರು

ನನ್ನ ತಮ್ಮನ ಮಗಳು ಸವಿತಾ ಶ್ರೀರಂಗಪಟ್ಟಣದಲ್ಲಿ ಪಾತ್ರೆಗೆ, ಬೋರ್ಡಿಗೆ ಹೆಸರು ಹಾಕುವ ಅಂಗಡಿ ತೆಗೆಯುತ್ತಿದ್ದಾಳೆ. ಲೇಸರ್ ಮಿಷಿನ್ ಕೊಳ್ಳಬೇಕಂತೆ. ಮೊಬೈಲಿನಲ್ಲಿ ನಾಲ್ಕು ಫೋಟೋ ತಂದು ತೋರಿಸಿ, "ಅತ್ತೆ, ಯಾವುದು ಚೆನ್ನಾಗಿ ಕೆತ್ತುತ್ತೆ ಯೋಳು. ನೀನು ಜೀವಮಾನವೆಲ್ಲ ಇದೇ ಕೆಲ್ಸ ಮಾಡಿದ್ದೀಯ" ಅಂದಳು. ಫೋಟೋ ನೋಡಿ ಒಪ್ಪುವುದಕ್ಕೆ ಅದೇನು ಗಂಡೇ ಅಂತ ಬೈದು ಕಳಿಸಿದೆ. ಆಮೇಲೆ ಯೋಚನೆ ಮಾಡಿದೆ. ಇವಳೂ ನಾಳೆ ಯಾವುದೋ ಹೆಣ್ಣಿನ ಪಾತ್ರೆಗೆ ಹೆಸರು ಹಾಕುತ್ತಾಳೆ. ಹಾಕಿದ ಹೆಸರು ನಿಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಇವಳಿಗೆ ಗೊತ್ತಿಲ್ಲ. ನನಗೆ ಗೊತ್ತು. ದೇವಲಾಪುರದ ಒಂದು ಜಗಲಿಯ ಮೇಲೆ ನಿಂತು ನಾನು ಆಡಿದ ಒಂದೇ ಮಾತಿಗೆ ಒಂದು ಹುಡುಗಿ ಒಂದು ಹಂಡೆ ಬಿಟ್ಟು ತನ್ನ ಪಾತ್ರೆಯನ್ನೆಲ್ಲ ಕಳೆದುಕೊಂಡಳು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಕಾಗುಣಿತವನ್ನು ಸವಿತಾ ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂದಿದ್ದೇನೆ.

ನನ್ನೂರು ಕಿರಂಗೂರು. ಕೆಲಸ ಮಾಡಿದ್ದು ಪಾಂಡವಪುರದ ಒಂದು ಪಾತ್ರೆ ಅಂಗಡಿಯಲ್ಲಿ. ಗಂಡ ಸತ್ತ ಮೇಲೆ ಗುಡಿಸಿ ಒರೆಸುವುದಕ್ಕೆ ಸೇರಿಕೊಂಡೆ. ಆ ಅಂಗಡಿಯಲ್ಲಿ ಹೆಸರು ಹೊಡೆಯಲು ನಾಗಮಂಗಲದ ಪುಟ್ಟಾಚಾರಿ ಎಂಬ ಮುದುಕರಿದ್ದರು. ಕಂಚು ಹಿತ್ತಾಳೆ ಕೆಲಸದ ಮನೆತನದವರು. ಅವರ ಕೈ ನಡುಗಲು ಶುರುವಾದಾಗ, ಪಕ್ಕದಲ್ಲಿ ಪಾತ್ರೆ ಹಿಡಿದುಕೊಳ್ಳುತ್ತಿದ್ದ ನನ್ನ ಕೈಗೇ ಉಳಿ ಕೊಟ್ಟರು.

"ಆಚಾರ್ರೇ, ನಂಗೆ ಓದಕ್ಕೇ ಸರ್ಯಾಗ್ ಬರಲ್ಲ" ಅಂದೆ.

"ಓದೋರು ಕೆಡುಸ್ತಾರೆ ಕಣಮ್ಮಿ. ನೀನು ಚೀಟಿ ನೋಡ್ಕೊಂಡು ಅಂಗೇ ಹೊಡಿ" ಅಂದರು.

ಹಾಗಾಗಿ ನಾನು ಅಕ್ಷರವನ್ನು ಓದುವುದಕ್ಕಿಂತ ಮೊದಲು ಹೊಡೆಯಲು ಕಲಿತೆ. ಸಣ್ಣ ಉಳಿ, ಸಣ್ಣ ಸುತ್ತಿಗೆ, ಒಂದರ ಪಕ್ಕ ಒಂದು ಚುಕ್ಕಿ. ಚುಕ್ಕಿಗಳೇ ಸೇರಿ ಹೆಸರಾಗುತ್ತಿತ್ತು. ಜೋರಾಗಿ ಹೊಡೆದರೆ ಬಿಂದಿಗೆ ತೂತು. ಮೆಲ್ಲಗೆ ಹೊಡೆದರೆ ಹೆಸರು ನಿಲ್ಲುವುದಿಲ್ಲ. ಇದು ಕೈಗೆ ಬರಲು ನನಗೆ ಎರಡು ವರ್ಷ ಹಿಡಿಯಿತು.

ಮೊದಲ ವರ್ಷ ಮಾಡಿದ ಒಂದು ತಪ್ಪು ಹೇಳುತ್ತೇನೆ, ನಗಬೇಕಾದರೆ ನಗಿ. ಲೋಟವನ್ನು ಕಬ್ಬಿಣದ ಅಡೆಗೆ, ಅಂದರೆ ನೆಟ್ಟ ಗೂಟಕ್ಕೆ, ಬೋರಲು ಹಾಕಿಕೊಂಡು ಹೊಡೆಯಬೇಕು, ಆದ್ದರಿಂದ ಚೀಟಿಯನ್ನೂ ತಲೆಕೆಳಗು ಹಿಡಿಯಬೇಕು. ನಾನು ಚೀಟಿ ನೆಟ್ಟಗೆ ಹಿಡಿದೆ. ಮದುವೆಗೆ ಹಂಚಲು ತಂದಿದ್ದ ಅಷ್ಟೂ ಲೋಟಕ್ಕೆ ಹೆಸರು ತಲೆಕೆಳಗಾಗಿ ಬಿತ್ತು. ಕೊಂಡವರು ಬಂದು, "ಏನಮ್ಮ, ನೆಂಟ್ರು ಕಾಲ್ ಮೇಲ್ಮಾಡಿ ನಿಂತ್ಕೊಂಡು ನೀರು ಕುಡೀಬೇಕಾ?" ಅಂತ ಕೂಗಾಡಿದರು. ಪುಟ್ಟಾಚಾರರು ತಲೆ ಎತ್ತದೆ, "ತೊಳ್ದು ಬೋರಲಾಕ್ತಿರಲ್ಲ, ಆಗ ನೆಟ್ಟಗೆ ಕಾಣ್ತದೆ. ಕಳ್ಳ ಕದಿಯೋದು ಬೋರಲಾಕಿದ್ದ ಲೋಟವನ್ನೇ ತಾನೆ, ತಗೊಂಡೋಗಿ" ಅಂದರು. ಅವರು ತಗೊಂಡು ಹೋದರು. ಅಂಗಡಿಯವರು ಮಾತ್ರ ನನ್ನನ್ನು ಒಂದು ವಾರ ಉಳಿ ಮುಟ್ಟಲು ಬಿಡಲಿಲ್ಲ.

ಪುಟ್ಟಾಚಾರರು ಕಲಿಸಿದ್ದು ಇನ್ನೊಂದಿದೆ, ಅದು ಮುಖ್ಯ. ಹೆಸರು ಹೊಡೆದಾದ ಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಎಳೆಯಬೇಕು. "ಉಗುರಿಗೆ ಸಿಕ್ಕುದ್ರೆ ಎಸ್ರು, ಸಿಗ್ದಿದ್ರೆ ಮಸಿ" ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಮೂಲೆಯಲ್ಲಿ ನಾನೊಬ್ಬಳೇ ಕೂತೆ.

ನಮ್ಮ ಕಡೆ ಪಾತ್ರೆಗೆ ಹೆಸರು ಯಾಕೆ ಅನ್ನುವುದನ್ನು ಈಗಿನವರು ಮರೆತಿದ್ದಾರೆ. ಚಂದಕ್ಕಲ್ಲ. ಬೀಗರ ಊಟಕ್ಕೆ, ತಿಥಿಗೆ ಹತ್ತು ಮನೆ ಪಾತ್ರೆ ಒಂದು ಕಡೆ ಸೇರುತ್ತದೆ, ತಿರುಗಿ ಬರಬೇಕಾದರೆ ಹೆಸರು ಬೇಕು. ಅದಕ್ಕಿಂತ ಹೆಚ್ಚಾಗಿ, ಹೆಣ್ಣಿಗೆ ತವರಿನಿಂದ ಕೊಟ್ಟ ಪಾತ್ರೆಗೆ ಅವಳ ಹೆಸರು ಇರಬೇಕು. ಸಂಸಾರ ಮುರಿದರೆ ಊರಿನವರು ಪಂಚಾಯ್ತಿ ಸೇರಿ ಪಾತ್ರೆಯನ್ನೆಲ್ಲ ಜಗಲಿ ಮೇಲೆ ಇಡಿಸುತ್ತಾರೆ. ಹೆಸರಿದ್ದದ್ದು ಅವಳದ್ದು, ಹೆಸರಿಲ್ಲದ್ದು ಆ ಮನೆಯದ್ದು. ಕೊಂಡ ಚೀಟಿ ಯಾರೂ ಕೇಳುವುದಿಲ್ಲ. ಮದುವೆ ಗಡಿಬಿಡಿಯಲ್ಲಿ ಯಾರೂ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಹೆಸರು ಹಾಕಿಸಲು ಬಂದ ಪ್ರತಿ ತಾಯಿಗೂ ಗೊತ್ತಿರುತ್ತದೆ.

ತೊಂಬತ್ತರ ದಶಕದ ಮೊದಲಿಗೆ ಕರೆಂಟಿನ ಪೆನ್ನು ಬಂತು. ಗುರ್ ಅಂತ ನಡುಗುತ್ತದೆ, ಬರೆದಂತೆ ಬರೆದುಕೊಂಡು ಹೋಗಬಹುದು. ಸಂಜೆ ಹೊತ್ತಿಗೆ ಕೈ ಮರಗಟ್ಟಿ ತುತ್ತು ಎತ್ತಲು ಆಗುತ್ತಿರಲಿಲ್ಲ. ಗೀರು ಆಳವಿಲ್ಲ, ಆದರೂ ಉಗುರಿಗೆ ಸಿಗುತ್ತಿತ್ತು. ಅದರ ಮೇಲೆ ನನ್ನ ತಕರಾರಿಲ್ಲ.

ದಶಕ ಅರ್ಧ ಕಳೆದ ಮೇಲೆ ನಮ್ಮ ಅಂಗಡಿ ಯಜಮಾನರ ಅಳಿಯ ಬೆಂಗಳೂರಿನಿಂದ ಒಂದು ಹಳೇ ಲೇಸರ್ ಮಿಷಿನ್ ತಂದ. ಬೋರ್ಡು ಮಾಡುವವರು ಹೊಸದು ತಗೊಂಡು ಬಿಸಾಕಿದ್ದು. ಒಳಗೊಂದು ಗಾಜಿನ ಕೊಳವೆ, ಅದು ಬಿಸಿಯಾಗದ ಹಾಗೆ ಬಕೆಟಿನಿಂದ ನೀರು ಸುತ್ತುತ್ತಲೇ ಇರಬೇಕು. ಅಳಿಯ ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಒಳಗೆ ಬೆಳಕು ಓಡಾಡಿ ಸುಡುತ್ತಿತ್ತು. ಮೊದಲ ದಿನ ಮರದ ಹಲಗೆ ಮೇಲೆ ಒಂದು ಹೆಸರು ಹಾಕಿ ತೋರಿಸಿದ. ಸುಳ್ಳು ಯಾಕೆ ಹೇಳಲಿ, ನನ್ನ ಜನ್ಮದಲ್ಲಿ ಅಂಥ ಅಕ್ಷರ ನಾನು ಹೊಡೆದಿರಲಿಲ್ಲ. ಉಗುರು ಒಳಗೆ ಕೂರುತ್ತಿತ್ತು. ಆಮೇಲೆ ಸ್ಟೀಲ್ ತಟ್ಟೆ ಇಟ್ಟ. ಏನೂ ಬೀಳಲಿಲ್ಲ. ಕನ್ನಡಿ ಬಿಸಿಲನ್ನು ತಳ್ಳುವ ಹಾಗೆ ಸ್ಟೀಲು ಆ ಬೆಳಕನ್ನು ತಳ್ಳಿಬಿಡುತ್ತಿತ್ತು.

"ಪಾತ್ರೆ ಅಂಗ್ಡೀಗೆ ಮರ ಕೆತ್ತೋ ಮಿಷಿನ್ ತಂದವ್ನೆ ನಮ್ಮಳಿಯ" ಅಂತ ಯಜಮಾನರು ಎರಡು ದಿನ ಮಾತು ಬಿಟ್ಟರು.

ಅಳಿಯ ಉಪಾಯ ತಂದ. ಒಂದು ಥರದ ಕಪ್ಪು ಪುಡಿ ಡಬ್ಬಿ. ಅದನ್ನು ಸ್ಪಿರಿಟ್ಟಿನಲ್ಲಿ ಕಲಸಿ ಪಾತ್ರೆಗೆ ಬಳಿದು ಒಣಗಿಸಿ ಮಿಷಿನ್ನಿಗೆ ಇಟ್ಟರೆ, ಬೆಳಕು ಬಿದ್ದ ಕಡೆ ಪುಡಿ ಬೆಂದು ಸ್ಟೀಲಿಗೆ ಹಿಡಿದುಕೊಳ್ಳುತ್ತದೆ. ಉಳಿದದ್ದನ್ನು ತೊಳೆದರೆ ಹೆಸರು ಕರೀ ಬಣ್ಣದಲ್ಲಿ ಉಳಿಯುತ್ತದೆ. ಅಚ್ಚು ಹಾಕಿಸಿದ ಲಗ್ನಪತ್ರಿಕೆ ಹಾಗೆ ಕಾಣುತ್ತಿತ್ತು. ಬಳಿಯುವ ಕೆಲಸ ನನ್ನದಾಯಿತು. ಮೊದಲು ಸರಿಯಾಗಿ ಗಟ್ಟಿಯಾಗಿ ಕಲಸುತ್ತಿದ್ದೆವು. ಪುಡಿ ಬೇಗ ಮುಗಿಯುತ್ತದೆ ಅಂತ ಯಜಮಾನರು ನೀರಾಗಿ ಕಲಸಿಸಿದರು. ಜನ ಕಾಯುತ್ತಾರೆ ಅಂತ ಅಳಿಯ ಮಿಷಿನ್ನನ್ನು ಜೋರಾಗಿ ಓಡಿಸಿದ. ಬೇಯಬೇಕಾದ್ದು ಬೇಯಲಿಲ್ಲ. ಕಣ್ಣಿಗೆ ಒಂದೇ ಥರ, ಉಗುರಿಗೆ ನುಣ್ಣಗೆ ಜಾರುತ್ತಿತ್ತು.

ಮೈಸೂರಿನ ಒಂದು ಕಾರ್ಖಾನೆಯಲ್ಲಿ ಇನ್ನೊಂದು ಥರದ ಲೇಸರ್ ಇತ್ತು. ಅದರೊಳಗೆ ಗಾಜಿನ ಕೊಳವೆಯ ಬದಲು ಒಂದು ಕಡ್ಡಿ. ಅದು ಸ್ಟೀಲನ್ನೇ ನೇರವಾಗಿ ಕಚ್ಚುತ್ತದೆ ಅಂತ ಕೇಳಿ, ಅಳಿಯನ ಜೊತೆ ಹೋದೆ. ಒಂದು ಸ್ಟೀಲ್ ಚೊಂಬು ತೆಗೆದುಕೊಂಡು ಹೋಗಿದ್ದೆ. ಅದರ ಒಂದು ಕಡೆ ನಾನು ಉಳಿಯಲ್ಲಿ ಹೊಡೆದ ಹೆಸರು, ಇನ್ನೊಂದು ಕಡೆ ನಮ್ಮ ಕೊಳವೆ ಮಿಷಿನ್ನಿನ ಕಪ್ಪು ಹೆಸರು. ಮೂರನೇ ಕಡೆ ಅಲ್ಲಿ ಕಡ್ಡಿ ಮಿಷಿನ್ನಿನಲ್ಲಿ ಎರಡು ಸಲ ಹಾಕಿಸಿದೆ, ಒಂದು ಬೇಗ ಓಡಿಸಿ, ಒಂದು ನಿಧಾನವಾಗಿ. ಮನೆಗೆ ತಂದು ದಿನಾ ಬೂದಿ, ಹುಣಸೇಹಣ್ಣು, ತೆಂಗಿನ ನಾರು ಹಾಕಿ ನಮ್ಮ ಹೆಂಗಸರು ಉಜ್ಜುವ ಹಾಗೇ ಉಜ್ಜಿದೆ. ನನ್ನ ಚುಕ್ಕಿಗೆ ಏನೂ ಆಗಲಿಲ್ಲ, ಸೊಟ್ಟ ಇದ್ದದ್ದು ಸೊಟ್ಟ. ಕಡ್ಡಿ ಮಿಷಿನ್ನಿನ ನಿಧಾನದ ಅಕ್ಷರ ಬೂದು ಬಣ್ಣ, ಕೂದಲೆಳೆಯಷ್ಟು ತೆಳು, ಆದರೆ ಉಗುರಿಗೆ ಸಿಗುತ್ತಲೇ ಇತ್ತು. ಅದರದ್ದೇ ಬೇಗದ ಅಕ್ಷರ ಬರೀ ಬಣ್ಣ, ಮಾಸುತ್ತಾ ಬಂತು. ನಮ್ಮ ಕೊಳವೆಯ ಕಪ್ಪು ಎರಡು ತಿಂಗಳಿಗೆ ಅಲ್ಲಲ್ಲಿ ಹರಿದು, ಆಮೇಲೆ ಹೋಯಿತು.

ಚೊಂಬು ತಂದು ಯಜಮಾನರ ಮುಂದಿಟ್ಟೆ. "ನೋಡಿ, ಅಳಿಸೋಯ್ತು."

"ನೀನು ರಾಕ್ಷಸಿ ಉಜ್ದಂಗೆ ಉಜ್ಜಿದ್ರೆ ಪಾತ್ರೆನೇ ಸವ್ದೋಗ್ತದೆ" ಅಂದರು. "ಗಿರಾಕಿ ನೋಡೋದು ಅಂಗ್ಡೀಲಿ ಕಣಮ್ಮ, ಬಚ್ಚಲಲ್ಲಲ್ಲ. ಸುಮ್ಕಿರು."

ಸುಮ್ಮನಿದ್ದೆ. ಸುಮ್ಮನೆ ಮಾತ್ರ ಇದ್ದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ.

ಶೀಳನೆರೆಯ ನಿಂಗಮ್ಮ ಬಂದದ್ದು ಅದೇ ವರ್ಷ. ಗಂಡನಿಲ್ಲದ ಹೆಂಗಸು, ಎರಡು ಎಮ್ಮೆ ಕಟ್ಟಿ ಹಾಲು ಹಾಕಿ, ವರ್ಷಕ್ಕೆ ಒಂದೊಂದೇ ಪಾತ್ರೆ ಕೊಂಡು ಕೂಡಿಟ್ಟವಳು. ದೊಡ್ಡ ಮಗಳ ಪಾತ್ರೆಗೆ ನಾನೇ ಉಳಿಯಲ್ಲಿ ಹೊಡೆದುಕೊಟ್ಟಿದ್ದೆ. ಈಗ ಚಿಕ್ಕವಳು ಮಂಜುಳನನ್ನು ದೇವಲಾಪುರಕ್ಕೆ ಕೊಡುತ್ತಿದ್ದಳು. ತಟ್ಟೆ, ಬೋಗುಣಿ, ಡಬ್ಬಿ, ಅನ್ನ ಬಸಿಯುವ ಬೇಸಿನ್ನು ಎರಡು ಚೀಲದ ತುಂಬ ಇತ್ತು. ಬೇರೆಯಾಗಿ ಒಂದು ಹಿತ್ತಾಳೆ ಹಂಡೆ, ಹುಡುಗಿಯ ಸೋದರಮಾವ ಕೊಟ್ಟದ್ದು.

"ಕೆಂಪಕ್ಕ, ನಂಗೆ ಮಿಷಿನ್ದು ಬ್ಯಾಡ. ನೀನೇ ಕೈಯಲ್ಲಿ ಹೊಡ್ಕೊಡು" ಅಂದಳು.

ಯಜಮಾನರು ಗಲ್ಲಾದ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. "ಏನೂ ಆಗಲ್ಲ ಬುಡು ನಿಂಗಮ್ಮ. ಮಿಷಿನ್ದು ನನ್ನ ಕೈಗಿಂತ ಚೆಂದಾಗಿ ಬತ್ತದೆ" ಅಂದೆ.

"ನೀನು ಯೋಳಿದ್ರೆ ಸರಿ" ಅಂದಳು.

ಹಂಡೆ ಮಾತ್ರ ಮಿಷಿನ್ನಿನೊಳಗೆ ಹಿಡಿಸಲಿಲ್ಲ. ಅದು ಸಣ್ಣ ಸಾಮಾನಿನ ಮಿಷಿನ್. ಹಂಡೆಗೆ ಉಳಿಯಲ್ಲೇ ಹೊಡೆದೆ. ಸೋದರಮಾವ ಹುಡುಗ ಹುಡುಗಿ ಇಬ್ಬರ ಹೆಸರೂ ಹಾಕಿಸಬೇಕು ಅಂದಿದ್ದನಂತೆ. ಮಂಜುಳ, ಕುಮಾರ. ಒಂದರ ಕೆಳಗೊಂದು, ಚೆನ್ನಾಗಿ ಆಳಕ್ಕೆ ಇಳಿಸಿದೆ.

ವರ್ಷ ತುಂಬುವುದರೊಳಗೆ ಮಂಜುಳ ತವರಿಗೆ ಬಂದಳು. ಗಂಡ ಹೊಡೆಯುತ್ತಿದ್ದ. ಬೆನ್ನು ತೋರಿಸಿದಳಂತೆ, ತಾಯಿ ತಿರುಗಿ ಕಳಿಸಲಿಲ್ಲ. ನಿಂಗಮ್ಮ ಅಂಗಡಿಗೆ ಬಂದು ನನ್ನನ್ನು ಹೊರಗೆ ಕರೆದಳು.

"ಪಂಚಾಯ್ತಿ ಸೇರ್ಸವ್ರೆ. ಪಾತ್ರೆ ಎಸ್ರು ಅಳಿಸೋಗವೆ, ಅವ್ರು ಇವು ನಿಮ್ದಲ್ಲ ಅಂತಾವ್ರೆ. ನೀನು ಬಂದು ಒಂದು ಮಾತು ಯೋಳಕ್ಕ. ಆ ಪಾತ್ರೆ ಬಂದ್ರೆ ಪ್ಯಾಟೇಲಿ ನಾಕು ಜನಕ್ಕೆ ಅನ್ನ ಬೇಯ್ಸಾಕ್ಕೊಂಡು ಅವಳ ಪಾಡು ಅವಳು ನೋಡ್ಕೋತಾಳೆ."

ಅವಳು ಪೇಟೆ ಅಂದದ್ದು ಕೆ.ಆರ್.ಪೇಟೆಯನ್ನು. ಅಲ್ಲಿ ಒಂದು ಕೋಣೆಯನ್ನೂ ನೋಡಿ ಇಟ್ಟಿದ್ದಳು. ಪಾತ್ರೆಯೊಂದೇ ಬಾಕಿ.

ನಾನು ರಜ ಕೇಳಿದಾಗ ಯಜಮಾನರು ಸಿಟ್ಟಾಗಲಿಲ್ಲ. ಸಮಾಧಾನವಾಗಿಯೇ ಹೇಳಿದರು. "ಓಗಿ ಬಾ. ಆದ್ರೆ ನಮ್ಮಂಗ್ಡಿ ಎಸ್ರು ಅಳಿಸೋಗ್ತದೆ ಅಂತ ಹತ್ತೂರ ಮುಂದೆ ಬಾಯ್ಬುಟ್ರೆ, ನಾಳೆಯಿಂದ ಇತ್ತಾಗೆ ಬರಬ್ಯಾಡ."

ದೇವಲಾಪುರದಲ್ಲಿ ಆ ಮನೆಯ ಜಗಲಿ ಮೇಲೆ ಪಾತ್ರೆ ಹರವಿದ್ದರು. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಉಜ್ಜಿಟ್ಟಿದ್ದರು. ಊರಿನ ಹಿರಿಯರಲ್ಲಿ ಕರೀಗೌಡರು ಎನ್ನುವವರು ನಡುವೆ ಕೂತಿದ್ದರು. ಮಂಜುಳ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಅತ್ತೆ ಹಂಡೆಯ ಪಕ್ಕದಲ್ಲೇ ಕಾವಲು ಕೂತಿದ್ದಳು.

"ಹಂಡೇಲಿ ನನ್ನ ಮಗನ ಎಸ್ರೂ ಅದೆ" ಅಂದಳು ಅತ್ತೆ.

"ಹಂಗಂತ ಹಂಡೆ ಕುಯ್ದು ಪಾಲು ಮಾಡಕಾಯ್ತದೇನಮ್ಮ? ಮೇಲಿರೋದು ಹುಡುಗಿ ಎಸ್ರು, ಅವಳು ಒಯ್ಲಿ" ಅಂದರು ಕರೀಗೌಡರು. ಕೂತವರು ನಕ್ಕರು. ಹಂಡೆಯನ್ನು ಮಂಜುಳನ ಕಡೆಗೆ ಸರಿಸಿದರು. "ಮಿಕ್ಕಿದ್ದಕ್ಕೆ ಎಸ್ರೇ ಇಲ್ವಲ್ಲ?"

"ಇತ್ತು ಸ್ವಾಮಿ, ಬರೆದೋರೇ ಬಂದವ್ರೆ, ಕೇಳಿ" ಅಂದಳು ನಿಂಗಮ್ಮ.

ನಾನು ಒಂದು ಬೇಸಿನ್ನು ಎತ್ತಿಕೊಂಡೆ. ನಾನೇ ಬಳಿದ ಪಾತ್ರೆ, ಅಂಚಿನಲ್ಲಿ ಸಣ್ಣ ತಗ್ಗಿತ್ತು, ಗುರುತು ಸಿಕ್ಕಿತು. ಹೆಬ್ಬೆರಳು ಎಳೆದೆ. ಜಾರಿತು. ಮುಖದ ಹತ್ತಿರ ಹಿಡಿದೆ. ನನ್ನ ಉಸಿರು ಬಿದ್ದು ಸ್ಟೀಲು ಮಬ್ಬಾಯಿತು. ಆ ಮಬ್ಬಿನೊಳಗೆ ಮಂಜುಳ ಅಂತ ನೆರಳಿನ ಹಾಗೆ ಎದ್ದಿತು, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಆರಿಹೋಯಿತು. ಮಸಿ ಹೋದರೂ ಬೆಂದ ಜಾಗ ಸ್ಟೀಲಿನಲ್ಲಿ ಹಾಗೇ ಇತ್ತು. ನೋಡಿದವಳು ನಾನೊಬ್ಬಳೇ. ಕರೀಗೌಡರ ಮುಖಕ್ಕೆ ಹಿಡಿದು, ಉಸಿರು ಬಿಡಿ ಗೌಡರೇ ಅಂದಿದ್ದರೆ ಸಾಕಿತ್ತು.

ಅಷ್ಟರಲ್ಲಿ ಅತ್ತೆ ಕೇಳಿದಳು. "ನೀನೇನಮ್ಮ ಎಸ್ರು ಹಾಕೋದು? ನೀನು ಹಾಕಿದ್ದು ವರ್ಷಕ್ಕೇ ಅಳಿಸೋಯ್ತದಾ? ಎಂಥ ಕೆಲ್ಸದವಳು ನೀನು?"

ಎಲ್ಲರೂ ನನ್ನ ಮುಖ ನೋಡಿದರು. ಯಜಮಾನರ ಮಾತು ಕಿವಿಯಲ್ಲಿತ್ತು. ಬರೀ ಅದೊಂದೇ ಕಾರಣ ಅಂತ ಹೇಳಿದರೆ ಅದೂ ಸುಳ್ಳು. ನನ್ನ ಕೈಕೆಲಸವನ್ನು ಅವಳು ಅಷ್ಟು ಜನರ ಮುಂದೆ ಹೀನಾಯವಾಗಿ ಆಡಿದ್ದೂ ಚುಚ್ಚಿತು. ಅಷ್ಟು ವರ್ಷ ಅಂಗಡಿ ಮೂಲೆಯಲ್ಲಿ ಕೂತು ಗಳಿಸಿದ್ದು ಅದೊಂದೇ ಹೆಸರು ತಾನೆ.

"ನಾನು ಹಾಕಿದ ಎಸ್ರು ಅಳಿಸೋಗಲ್ಲ" ಅಂದೆ.

ಅತ್ತೆ ಎದ್ದು ನಿಂತಳು. "ಕೇಳ್ಸ್ಕೊಂಡ್ರಾ ಗೌಡ್ರೇ? ಅವಳು ಹಾಕಿದ್ದು ಅಳಿಸೋಗಲ್ವಂತೆ. ಇದ್ರಲ್ಲಿ ಎಸ್ರಿಲ್ಲ. ಅಂಗಾದ್ರೆ ಇವು ಯಾರವು?"

ಕರೀಗೌಡರು ನನ್ನನ್ನು ಇನ್ನೊಂದು ಸಲ ಕೇಳಿದರು. "ಬೇರೆ ಏನಾರ ಯೋಳೋದದಾ ತಾಯಿ?" ಒಳ್ಳೆಯ ಮನುಷ್ಯ.

ನಾನು ಬೇಸಿನ್ನನ್ನು ಜಗಲಿ ಮೇಲೆ ಇಟ್ಟೆ.

ಹಂಡೆ ಒಂದನ್ನೇ ಹೊತ್ತುಕೊಂಡು ತಾಯಿ ಮಗಳು ಬಸ್ಸು ಹತ್ತಿದರು. ನಾನೂ ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದೆ. ನಿಂಗಮ್ಮ ಬೈಯಲಿಲ್ಲ. ನಾಗಮಂಗಲದಲ್ಲಿ ನಾನು ಇಳಿಯುವಾಗ ಮಂಜುಳ, "ಓಗಿ ಬತ್ತೀರಾ ದೊಡ್ಡವ್ವ" ಅಂದಳು, ಅಷ್ಟೇ.

ನನ್ನ ಕೆಲಸ ಉಳಿಯಿತು. ಎಷ್ಟು ದಿನ ಅಂದರೆ, ಮುಂದಿನ ವರ್ಷ ಯಜಮಾನರು ಅದೇ ಕಡ್ಡಿ ಮಿಷಿನ್ ತರಿಸುವವರೆಗೆ. ಅದಕ್ಕೆ ಪುಡಿ ಬೇಡ, ಬಳಿಯುವವರೂ ಬೇಡ. "ಕಣ್ಣೂ ಮಂಜಾಗವೆ ನಿಂಗೆ, ಮನೇಲಿರು" ಅಂದರು. ಕಣ್ಣು ಚೆನ್ನಾಗಿಯೇ ಇತ್ತು. ಮೈಸೂರಿನ ಚೊಂಬಿನ ಮಾತನ್ನು ಅಳಿಯ ತನ್ನದೇ ಬುದ್ಧಿ ಅಂತ ಬಂದವರಿಗೆಲ್ಲ ಹೇಳುತ್ತಿದ್ದ. ಹೊಸ ಮಿಷಿನ್ನನ್ನೂ ಬೇಗವೇ ಓಡಿಸಿದರು, ಬರೀ ಬಣ್ಣ ಬರುವ ಹಾಗೆ. ಮಿಷಿನ್ ಯಾವುದಾದರೇನು, ಓಡಿಸುವವರು ಅವರೇ.

ಸವಿತಾ, ನಿನಗೆ ಬೇಕಾದ್ದು ಇಷ್ಟು. ಕೊಳವೆಯದ್ದು ಮರಕ್ಕೆ, ಪ್ಲಾಸ್ಟಿಕ್ಕಿಗೆ ಚೆನ್ನ. ಸ್ಟೀಲಿಗೆ ತರಬೇಡ, ತಂದರೆ ಪುಡಿ ಗಟ್ಟಿಯಾಗಿ ಕಲಸಿ ನಿಧಾನ ಬೇಯಿಸು. ಸ್ಟೀಲನ್ನೇ ಕಚ್ಚುವ ಮಿಷಿನ್ ಈಗ ಬೇರೆ ಹೆಸರಿನಲ್ಲಿ ಬಂದಿದೆಯಂತೆ, ಅದನ್ನು ಕೊಂಡುಕೋ. ಕೊಳ್ಳುವ ಮೊದಲು ನಿನ್ನದೇ ಪಾತ್ರೆ ಒಯ್ದು ಹಾಕಿಸಿ, ತಂದು ಎರಡು ತಿಂಗಳು ಉಜ್ಜು. ಮಾರುವವನ ತಟ್ಟೆ ನೋಡಬೇಡ, ಅದನ್ನು ಯಾರೂ ಉಜ್ಜಿರುವುದಿಲ್ಲ.

ಕೆಲಸ ಬಿಟ್ಟ ಮೇಲೆ ಕಿರಂಗೂರಿನ ಮನೆ ಬಾಗಿಲಲ್ಲೇ ಕೂತು ಹಳೇ ಉಳಿಯಲ್ಲಿ ಅವರಿವರ ಪಾತ್ರೆಗೆ ಹೊಡೆದುಕೊಡುತ್ತಿದ್ದೆ. ಒಂದು ದಿನ ನಿಂಗಮ್ಮ ಆ ಹಂಡೆ ಹೊತ್ತುಕೊಂಡು ಬಂದಳು. ನೀರು ಕೊಟ್ಟೆ, ಕುಡಿದಳು.

"ಮಂಜುಳ ಹೆಂಗವ್ಳೆ?" ಅಂದೆ.

"ಪ್ಯಾಟೇಲಿ ಓಟ್ಲಲ್ಲವ್ಳೆ. ಪಾತ್ರೆ ತೊಳೀತಾಳೆ" ಅಂದಳು. ಹಂಡೆಯನ್ನು ನನ್ನ ಮುಂದೆ ತಿರುಗಿಸಿ ಇಟ್ಟಳು. "ದಿನಾ ಇದ್ರಲ್ಲೇ ನೀರು ಕಾಯ್ಸದು. ದಿನಾ ಅವನ ಎಸ್ರು ಕಣ್ಮುಂದೆ. ಇದೊಂದು ತಗುದ್ಬುಡು."

"ಉಳೀಲಿ ಹೊಡ್ದಿದ್ದು ನಿಂಗಮ್ಮ. ಅದು ಓಗಲ್ಲ."

"ಹೌದಲ್ವಾ" ಅಂದಳು. "ನೀನು ಹಾಕಿದ ಎಸ್ರು ಅಳಿಸೋಗಲ್ಲ."

ನಾನು ಉಳಿ ತೆಗೆದುಕೊಂಡೆ. ಹಂಡೆಯನ್ನು ತೊಡೆಗೆ ಒರಗಿಸಿಕೊಂಡು ಕುಮಾರ ಅನ್ನುವುದರ ಮೇಲೆ ಚುಕ್ಕಿ ಹೊಡೆಯುತ್ತಾ ಹೋದೆ. ಒಂದು ಬಳ್ಳಿ ಎಳೆದೆ, ಎಲೆ ಹಾಕಿದೆ, ಹೂವು ಹಾಕಿದೆ. ಬಿಸಿಲು ಬಾಗಿಲು ದಾಟುವವರೆಗೂ ಹೊಡೆದೆ. ಕಣ್ಣಿಗೆ ಅಲ್ಲಿ ಹೆಸರು ಕಾಣುತ್ತಿರಲಿಲ್ಲ. ಮಂಜುಳ, ಕೆಳಗೊಂದು ಹೂಬಳ್ಳಿ, ಅಷ್ಟೇ.

ನಿಂಗಮ್ಮ ಹತ್ತಿರ ಬಂದು ಕೂತಳು. ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಬಳ್ಳಿಯ ಉದ್ದಕ್ಕೂ ಎಳೆದಳು. ಹಾಗೆ ನೋಡುವುದನ್ನು, ಅವಳ ದೊಡ್ಡ ಮಗಳ ಮದುವೆ ಪಾತ್ರೆ ಹೊಡೆದಾಗ, ನಾನೇ ಅವಳಿಗೆ ತೋರಿಸಿದ್ದೆ.

"ಇನ್ನೂ ಸಿಕ್ತಾವ್ನೆ ಕಣಕ್ಕ" ಅಂದಳು. ಸಿಂಬಿ ಸುತ್ತಿ ಹಂಡೆಯನ್ನು ತಲೆ ಮೇಲೆ ಇಟ್ಟುಕೊಂಡು ಬಸ್ಸಿನ ಕಡೆ ನಡೆದಳು.